ಮುಷ್ಟಿಯಲ್ಲಿ ಬೆಚ್ಚಗಾದ ಎಳ್ಳೆಣ್ಣೆ

ಸಂಕ್ರಾಂತಿಗೆ ಎರಡು ದಿನವಿರುವಾಗಲೇ ಮರಾಠಿ ಸೀಮೆಯಲ್ಲಿರುವ ನಮ್ಮ ನಿಗಡಿಯ ಮನೆಗಳ ಕಿಟಕಿಗಳಿಂದ ಎಳ್ಳು ಹುರಿಯುವ ಕಂಪು ಹೊರಡುತ್ತದೆ. ಈ ಬೆಳಿಗ್ಗೆ ನಮ್ಮ ಒಲೆಯ ಮೇಲೂ ಬಾಣಲೆ ಏರಿತ್ತು. ಆ ವಾಸನೆಗೆ ಎಲ್ಲರಿಗೂ ಹಬ್ಬ ನೆನಪಾಗುತ್ತದೆ. ನನಗೆ ಮಾತ್ರ, ಹೇಳಲು ಸಂಕೋಚ, ಸೊಂಟದ ಕೆಳಗಿನ ಒಂದು ಹಳೆಯ ನೋವು ನೆನಪಾಗುತ್ತದೆ. ನಗಬೇಡಿ. ಅಥವಾ ನಗಿರಿ, ಈಗ ನಗುವುದಕ್ಕೆ ಅಡ್ಡಿಯಿಲ್ಲ.

ಮೂರು ವರ್ಷಗಳ ಹಿಂದೆ ಇದೇ ದಿನಗಳಲ್ಲಿ ನಮ್ಮ ಭ್ರೂಣವೊಂದು ಆಸ್ಪತ್ರೆಯ ಶೀತಪಾತ್ರೆಯಲ್ಲಿತ್ತು. ಮೊದಲು ಇಟ್ಟದ್ದು ನಿಂತಿರಲಿಲ್ಲ, ಉಳಿದದ್ದು ಅದೊಂದೇ. ಅದನ್ನು ಗರ್ಭಕೋಶಕ್ಕೆ ಸೇರಿಸುವ ಮುನ್ನ ಮಾತ್ರೆಗಳಿಂದ ಒಳಪದರವನ್ನು ಸಿದ್ಧಗೊಳಿಸಿ, ಆಮೇಲೆ ಪ್ರತಿ ಸಂಜೆ ಏಳಕ್ಕೆ ಪ್ರೊಜೆಸ್ಟರಾನ್ ಚುಚ್ಚುಮದ್ದು ಆರಂಭಿಸಿದರು. "ಈ ಸಲ ನಿಮ್ಮ ಶರೀರ ತಾನಾಗಿ ಈ ಹಾರ್ಮೋನನ್ನು ತಯಾರಿಸುವುದಿಲ್ಲ, ನಾವೇ ಕೊಡಬೇಕು. ಒಂದು ದಿನವೂ ತಪ್ಪಬಾರದು" ಎಂದಿದ್ದರು ವೈದ್ಯೆ. ನಾನು ಅದನ್ನು ವಹಿಯಲ್ಲಿ ಬರೆದುಕೊಂಡು ಅಡಿಗೆರೆ ಎಳೆದಿದ್ದೆ. ಅಡಿಗೆರೆ ಎಳೆಯುವುದರಲ್ಲಿ ನಾನು ಮೊದಲಿನಿಂದಲೂ ನಿಪುಣೆ.

ಪತಿ ರಾಂಜಣಗಾಂವದ ಕಾರ್ಖಾನೆಯಲ್ಲಿ ಎರಡನೆಯ ಪಾಳಿಗೆ ಹೋಗುತ್ತಿದ್ದರು. ಆದ್ದರಿಂದ ಕೆಳಮಹಡಿಯ ಮರಾಠಿ ನರ್ಸ್, ಎಲ್ಲರ ಬಾಯಲ್ಲೂ 'ನರ್ಸ್ ಬಾಯಿ', ಬಂದು ಸೊಂಟದ ಕೆಳಗೆ ಚುಚ್ಚುತ್ತಿದ್ದರು. ಔಷಧವೋ ಗಟ್ಟಿ ಎಣ್ಣೆ. ಜನವರಿಯ ಚಳಿಗೆ ಇನ್ನಷ್ಟು ಗಟ್ಟಿ. ಚುಚ್ಚುವ ಮುನ್ನ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಬೇಕು. ಆ ಕೆಲಸವನ್ನು ಬಾಗಲಕೋಟೆಯಿಂದ ಬಂದಿದ್ದ ನನ್ನ ಅತ್ತೆ ತಾವಾಗಿ ವಹಿಸಿಕೊಂಡರು. ಆರೂವರೆಗೆ ಆ ಪುಟ್ಟ ಗಾಜಿನ ಕುಪ್ಪಿಯನ್ನು ಮುಷ್ಟಿಯೊಳಗಿಟ್ಟುಕೊಂಡು, ಕಣ್ಣು ಮುಚ್ಚಿ, ಗೋಡೆಗೆ ಒರಗಿ ಕೂಡುತ್ತಿದ್ದರು. "ಕೋಳಿ ತತ್ತಿ ಮ್ಯಾಲ ಕುಂತಂಗ ಕುಂತೀನಿ ನೋಡ್" ಎನ್ನುತ್ತಿದ್ದರು.

ಅದೇ ಅತ್ತೆ ಆ ವರ್ಷ ಮನೆಯಲ್ಲಿ ಎಳ್ಳನ್ನು ನಿಷೇಧಿಸಿದ್ದರು. "ಎಳ್ಳು ಭಾಳ ಉಷ್ಣ ಅದ. ಕೂಸು ಗಟ್ಟಿ ಕುಂದ್ರೂತನಾ ಈ ಮನ್ಯಾಗ ಒಂದು ಕಾಳೂ ಬರಬಾರದು." ನೆರೆಹೊರೆಯವರು ತಂದುಕೊಟ್ಟ ಎಳ್ಳು-ಬೆಲ್ಲದ ತಿಳಗುಳವೆಲ್ಲ ಡಬ್ಬಿ ಸೇರಿ ಅಟ್ಟ ಹತ್ತಿತು. ನಾನು ಒಳಗೊಳಗೇ ನಕ್ಕೆ. ಪದವೀಧರೆಯಲ್ಲವೇ!

ಇಲ್ಲಿ ನನ್ನ ಪದವಿಯ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹದಿನೆಂಟನೆಯ ವಯಸ್ಸಿನಿಂದ ಬಳಗದವರ ಅರ್ಜಿಗಳನ್ನೆಲ್ಲ ನಾನೇ ಬರೆದಿದ್ದೇನೆ. ಇದರಿಂದ ಅಂಟಿಕೊಂಡ ಒಂದು ರೋಗವೆಂದರೆ, "ನನಗೆ ಗೊತ್ತಿಲ್ಲ" ಎಂಬ ವಾಕ್ಯ ನನ್ನ ಬಾಯಿಂದ ಹೊರಡುವುದೇ ಇಲ್ಲ.

ಭ್ರೂಣವನ್ನು ಸೇರಿಸಿದ ಮೂರನೆಯ ದಿನ ಔಷಧದ ಡಬ್ಬಿಯೊಳಗಿನ ಮಡಿಸಿದ ಕಾಗದವನ್ನು, ನಿಘಂಟು ಪಕ್ಕದಲ್ಲಿಟ್ಟುಕೊಂಡು, ಆದ್ಯಂತ ಓದಿದೆ. ಔಷಧವನ್ನು ಕರಗಿಸಿದ್ದು ಎಳ್ಳೆಣ್ಣೆಯಲ್ಲಿ! ಎಂಟು ಸಂಜೆಗಳಿಂದ ಅತ್ತೆ ಮುಷ್ಟಿಯಲ್ಲಿ ಕಾಯಿಸುತ್ತಿದ್ದುದು, ನಾನು ಮೈಗೆ ಚುಚ್ಚಿಸಿಕೊಳ್ಳುತ್ತಿದ್ದುದು ಎಳ್ಳೇ.

ನಗಬೇಕಿತ್ತು. ನಗು ಬರಲಿಲ್ಲ. ಬಾಲ್ಯದಲ್ಲಿ ಕೇಳಿದ್ದ "ಉಷ್ಣ" ಎಂಬ ಮಾತು ಪದವಿಯ ಕೆಳಗೆ ಹಾಗೆಯೇ ಕುಳಿತಿತ್ತು. ವೈದ್ಯೆಗೆ ಸಂದೇಶ ಕಳಿಸಲೆಂದು ನಾಲ್ಕು ಬಾರಿ ಬರೆದೆ. "ಮಾನ್ಯರೇ, ಎಳ್ಳಿನ ಉಷ್ಣಗುಣವನ್ನು ಕುರಿತು..." ಎಂದು ತೊಡಗಿದ ವಾಕ್ಯ ಎಷ್ಟು ಶುದ್ಧವಾಗಿದ್ದರೂ ದಡ್ಡತನವೇ ಕಾಣುತ್ತಿತ್ತು. ನಾಲ್ಕನ್ನೂ ಅಳಿಸಿದೆ. ಏಳಕ್ಕೆ ನರ್ಸ್ ಬಾಯಿ ಗಂಟೆ ಬಾರಿಸಿದಾಗ, ಸ್ವಲ್ಪ ತಡವಾಗಿ ಬನ್ನಿರೆಂದು ಮರಾಠಿಯಲ್ಲಿ ಹೇಳಿ ಬಾಗಿಲು ಹಾಕಿಕೊಂಡೆ.

ತಿರುಗಿ ನೋಡಿದರೆ ಅತ್ತೆ ನಿಂತಿದ್ದರು, ಮುಷ್ಟಿ ಮುಚ್ಚಿಯೇ ಇತ್ತು.

"ಯಾಕವಾ, ಏನಾತು?"

ತಲೆನೋವು ಎಂದೆ. ಅವರು ಕದಲಲಿಲ್ಲ. ಕೊನೆಗೆ ಇದ್ದದ್ದನ್ನು ಹೇಳಿದೆ. ಅವರು ಮುಷ್ಟಿ ಬಿಚ್ಚಿ ಕುಪ್ಪಿಯನ್ನೊಮ್ಮೆ ನೋಡಿದರು. ಎಸೆದೇಬಿಡುತ್ತಾರೆ ಎಂದುಕೊಂಡೆ. ಮತ್ತೆ ಮುಷ್ಟಿ ಮುಚ್ಚಿದರು.

"ಡಾಕ್ಟರ್‌ಗೆ ಫೋನ್ ಹಚ್ಚು."

"ಬ್ಯಾಡ್ರಿ ಅತ್ತಿ. ಓದಿದಾಕಿ ಇಂಥಾದ್ದು ಕೇಳ್ತಾಳ ಅಂತ ನಗತಾರ."

"ನೀ ಕೇಳಬ್ಯಾಡ, ನಾ ಕೇಳ್ತೀನಿ. ನಾ ಸಾಲಿ ಮಾರಿನ ಕಂಡಿಲ್ಲ, ನನಗ್ಯಾತರ ನಾಚಿಕಿ?"

ನಾನು ಕರೆ ಹಚ್ಚಿ ಸ್ಪೀಕರಿಗೆ ಹಾಕಿಕೊಟ್ಟ ಫೋನನ್ನು ಬಾಯಿಯ ಹತ್ತಿರ ಹಿಡಿದು, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಗಟ್ಟಿಯಾಗಿ ಕೇಳಿದರು: "ಡಾಕ್ಟರ್ ಬಾಯಿ, ತೀಳ, ಎಳ್ಳು, ಉಷ್ಣ ಅಸತೋ ನಾ? ಮತ್ತ ಅದನ್ನ ಸೊಸಿಗೆ ಯಾಕ ಚುಚ್ಚಾಕತ್ತೀರಿ?"

ವೈದ್ಯೆ ನಗಲಿಲ್ಲ. ಎಳ್ಳು ತಿಂದರೆ ನನಗೆ ತುರಿಕೆ, ಉಬ್ಬಸ ಬರುವುದುಂಟೇ ಎಂದು ಮೊದಲು ವಿಚಾರಿಸಿದರು, ಇಲ್ಲವೆಂದೆವು. ಎಣ್ಣೆ ಬರೀ ವಾಹಕ, ಔಷಧವನ್ನು ನಿಧಾನವಾಗಿ ಮೈಗೆ ಬಿಡುವುದಷ್ಟೇ ಅದರ ಕೆಲಸ, ಒಂದು ಚಿಕ್ಕ ಚಮಚದಷ್ಟೂ ಇರುವುದಿಲ್ಲ, ಅದರಿಂದ ಗರ್ಭಕ್ಕೆ ತೊಂದರೆಯಿಲ್ಲ ಎಂದು ಸಾವಧಾನವಾಗಿ ತಿಳಿಸಿದರು. "ಅರ್ಧ ಗಂಟೆ ತಡವಾದರೆ ಚಿಂತೆಯಿಲ್ಲ. ಬಿಟ್ಟಿದ್ದರೆ ಕಷ್ಟವಾಗುತ್ತಿತ್ತು. ಕೇಳಿದ್ದು ಒಳ್ಳೆಯದಾಯಿತು, ಆಜಿ."

ಅಡಿಗೆರೆ ಎಳೆದಿದ್ದ ವಾಕ್ಯವನ್ನೇ ನಾನು ಮೀರಹೊರಟಿದ್ದೆ. ಅದೂ ಒಂದು ಪ್ರಶ್ನೆ ಕೇಳುವ ನಾಚಿಕೆಗೆ.

"ಕೇಳಿಸ್ತಲ್ಲ? ಹೊಳ್ಳಿ ಮಲಕ್ಕೋ" ಎಂದು ಅತ್ತೆ ನರ್ಸ್ ಬಾಯಿಯನ್ನು ಕೂಗಿದರು. ಮತ್ತೆ ಏನೋ ಹೊಳೆದವರಂತೆ ತಿರುಗಿ, "ಆದರ ತಿನ್ನಾಕ ಮಾತ್ರ ಕೊಡೂದಿಲ್ಲ, ಮೊದಲ ಹೇಳ್ತೀನಿ" ಎಂದರು.

ಗರ್ಭ ನಿಂತಿತು. ಗರ್ಭದ ಮಾಸು ತಾನೇ ಹಾರ್ಮೋನನ್ನು ತಯಾರಿಸುವಷ್ಟು ಬೆಳೆದ ಮೇಲೆ ವೈದ್ಯೆ ಚುಚ್ಚುಮದ್ದನ್ನು ನಿಲ್ಲಿಸಿದರು. ಆ ಸಂಜೆ ಆರೂವರೆಗೆ ಅತ್ತೆ ಅಭ್ಯಾಸಬಲದಿಂದ ಗೋಡೆಗೆ ಒರಗಿ ಕುಳಿತು, ಬರಿಗೈ ನೋಡಿಕೊಂಡು, ಎದ್ದುಹೋಗಿ ದೀಪ ಹಚ್ಚಿದರು.

ಈ ಬೆಳಿಗ್ಗೆ ಬಾಣಲೆಯಲ್ಲಿ ಎಳ್ಳು ಚಟಪಟ ಸಿಡಿಯುತ್ತಿತ್ತು. ಎರಡು ವರ್ಷ ದಾಟಿದ ಮಗಳು ನನ್ನ ಸೀರೆ ಜಗ್ಗಿ, "ಅವ್ವಾ, ಯಾಕ ಹಾರ್ತದ ಇದು?" ಎಂದಳು. ನಾನು ಗಂಟಲು ಸರಿಮಾಡಿಕೊಂಡೆ. ಒಂದು ಶುದ್ಧ ವಾಕ್ಯ ನಾಲಿಗೆಯ ತುದಿಯವರೆಗೆ ಬಂದೂ ಇತ್ತು. ಅದನ್ನು ನುಂಗಿದೆ.

"ನನಗ ಗೊತ್ತಿಲ್ಲವ್ವಾ. ಅಜ್ಜಿನ್ನ ಕೇಳೂಣು."

ಒಳಕೋಣೆಯಿಂದ ಅತ್ತೆಯ ದನಿ ಬಂತು: "ನನಗೂ ಗೊತ್ತಿಲ್ಲ. ಆ ಡಾಕ್ಟರ್ ಬಾಯಿಗೆ ಫೋನ್ ಹಚ್ಚು."