ಸ್ಪೇಸ್ ಕೀ ಮತ್ತು ಹಾರ್ಮೋನಿಯಂ ಮಾಸ್ತರರು

ನಾಟಕದ ಕೊನೆಯ ದೃಶ್ಯ ಟೈಪ್ ಮಾಡುತ್ತಿದ್ದಾಗ ನನ್ನ ಲ್ಯಾಪ್‌ಟಾಪಿನ ಸ್ಪೇಸ್ ಕೀ ಸತ್ತೇ ಹೋಯಿತು. ಪದಗಳೆಲ್ಲ ಒಂದಕ್ಕೊಂದು ಅಂಟಿಕೊಂಡವು. ಜಗಳೂರಿನ ನನ್ನ ಟೈಪಿಂಗ್ ಅಂಗಡಿಯಲ್ಲಿ ಸೊಕ್ಕೆ ಹಳ್ಳಿಯಲ್ಲಿ ಈ ನಾಟಕ ಕಲಿಸುತ್ತಿದ್ದ ಹಾರ್ಮೋನಿಯಂ ಮಾಸ್ತರರು ಕಾಯುತ್ತ ಕೂತಿದ್ದರು. ಸಂಜೆಯ ಬಸ್ಸಿಗೆ ಅವರು ಪ್ರತಿ ಒಯ್ಯದಿದ್ದರೆ ತಾಲೀಮು ನಿಲ್ಲುತ್ತಿತ್ತು; ತಾಲೀಮಿಗೆಂದೇ ದಾವಣಗೆರೆಯಿಂದ ನಟಿ ಬಂದಾಗಿತ್ತು.

ಮಾಸ್ತರರು ಪರದೆಗೆ ಬಗ್ಗಿ ನೋಡಿದರು. "ಹಿಂಗೇ ಕೊಟ್ರೆ ನಮ್ಮ ಹೀರೊ ಉಸಿರು ತಗಳಾಕೂ ಜಾಗ ಇಲ್ದೆ ಸ್ಟೇಜ್ ಮ್ಯಾಲೇ ಸಾಯ್ತಾನೆ ಕಣ್ರೀ!"

ಏಳನೇ ಕ್ಲಾಸಿಗೇ ಶಾಲೆ ಬಿಟ್ಟರೂ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸನ್ನು ನಾನೇ ಹಾಕಿಕೊಂಡು, ನಾನೇ ಕಲಿತವನು; ಸೋಲಲು ಮನಸ್ಸಾಗಲಿಲ್ಲ. ಧೂಳು ಊದಿದೆ. ಆಫ್ ಮಾಡಿ ಆನ್ ಮಾಡಿದೆ. ಒತ್ತಿದ ಕೀಯ ಗುರುತು ತೋರಿಸುವ ಕಮಾಂಡ್ ಕೊಟ್ಟರೆ ಉಳಿದ ಕೀಗಳೆಲ್ಲ ಓಗೊಟ್ಟವು, ಸ್ಪೇಸ್ ಮಾತ್ರ ಮಾತಾಡಲಿಲ್ಲ. ಕೆಟ್ಟಿದ್ದು ಆ ಕೀಯೇ.

ಮಾಸ್ತರರು ಕೇಳಿದರು: "ನನ್ನ ಹಾರ್ಮೋನಿಯಂನಾಗೆ ಒಂದು ಸ್ವರದ ಮನೆ ನುಡೀದಿದ್ರೆ ಹಾಡನ್ನ ಬ್ಯಾರೆ ಮನೆಗೆ ಎತ್ಕಂಡ್ ಹೋಗ್ತೀನಿ. ನಿಮ್ದ್ರಾಗೆ ಕೆಲಸ ಇಲ್ದೆ ಕೂತಿರೋ ಕೀ ಯಾವ್ದೂ ಇಲ್ಲೇನ್ರಿ?"

ಕ್ಯಾಪ್ಸ್ ಲಾಕ್! ಕನ್ನಡ ಟೈಪ್ ಮಾಡುವಾಗ ನಾನು ಅದನ್ನು ಮುಟ್ಟುವುದೇ ಇಲ್ಲ. ಸ್ಪೇಸಿನ ಕೆಲಸವನ್ನು ಅದಕ್ಕೊಪ್ಪಿಸಲು ಒಂದೇ ಸಾಲಿನ ಕಮಾಂಡ್ ಸಾಕು. ಆದರೆ ಆ ಕಮಾಂಡಿಗೂ ಸ್ಪೇಸ್ ಬೇಕಲ್ಲ! ಮೊದಲೇ ಟೈಪಾಗಿದ್ದ ಸಾಲಿನಿಂದ ಒಂದು ಖಾಲಿ ಜಾಗವನ್ನು ಮೌಸಿನಲ್ಲಿ ಕಾಪಿ ಮಾಡಿ ತಂದು ಅಂಟಿಸಿದೆ. ಕ್ಯಾಪ್ಸ್ ಲಾಕ್ ಒತ್ತಿದೆ. ಪದಗಳು ಬಿಡಿಬಿಡಿಯಾಗಿ ನಿಂತವು! ನಾನು ಕುರ್ಚಿ ಬಿಟ್ಟೆದ್ದು ಕೂಗಿದೆ, ಮಾಸ್ತರರು ಮೇಜಿನ ಮೇಲೇ ತಾಳ ಹಾಕಿದರು. ದೃಶ್ಯ ಮುಗಿಸಿ ಪ್ರಿಂಟ್ ತೆಗೆದುಕೊಟ್ಟೆ. ಅವರು ಬಿಸಿ ಆರದ ಹಾಳೆಗಳನ್ನು ಎದೆಗವಚಿಕೊಂಡು ಓಡಿ ಬಸ್ಸು ಹಿಡಿದರು.

ಆಮೇಲೆ ಹೊಸ ಕೀಬೋರ್ಡ್ ಹಾಕಿಸಿದೆ. ಕ್ಯಾಪ್ಸ್ ಲಾಕಿಗೆ ಕೊಟ್ಟ ಕೆಲಸವನ್ನು ಮಾತ್ರ ಕಿತ್ತುಕೊಳ್ಳಲು ಇನ್ನೂ ಮನಸ್ಸು ಬಂದಿಲ್ಲ.