ನೂರಾ ತೊಂಬತ್ತನೇ ಮೈಲಿಯ ಬಾಗಿಲು

ಸೆಲೀನಾ ನೆಡ್ ಮುದುಕಿಗೆ ಬಾಯಿ ಇರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಅಲಾಸ್ಕಾದ ಉತ್ತರದ ರಸ್ತೆಯಲ್ಲಿ ಎಣ್ಣೆ ಬಾವಿಗಳಿಗೆ ಸಾಮಾನು ಹೊರುವ ಟ್ರಕ್ಕಿನವರೆಲ್ಲ ಅವಳ ಕೈಯಲ್ಲಿ ಬೈಸಿಕೊಂಡವರೇ. ಬೂಟಿನ ಹಿಮ ಒದರದೆ ಅವಳ ಮನೆಯೊಳಗೆ ಕಾಲಿಟ್ಟರೋ, ಆರಡಿ ಆಳು ಕೂಡ ಮಕ್ಕಳ ಹಾಗೆ ತಲೆ ತಗ್ಗಿಸಿ ನಿಲ್ಲಬೇಕು. ಅಂಥ ಬಾಯಿಯಲ್ಲಿ, ಬೇಕಾದ ಒಂದೇ ಒಂದು ದಿನ, ಬೇಕಾದ ಒಂದೇ ಒಂದು ಮಾತು ಹೊರಡಲಿಲ್ಲ.

ಮೊದಲು ಅವಳ ತಮ್ಮ ವಿಲ್ಸನ್‌ನ ವಿಷಯ ಹೇಳಬೇಕು. ನಲವತ್ತಾರು ವರ್ಷದ ಹಿಂದಿನ ಜನವರಿ. ನರಿಗೆ ಒಡ್ಡಿದ ಬೋನುಗಳನ್ನು ನೋಡಿಕೊಂಡು ಬರಲು ಕಾಡಿಗೆ ಹೋಗಿದ್ದ. ಹಿಮದ ಮೇಲೆ ಓಡಿಸುವ ಮೋಟಾರು ಗಾಡಿ ಕೆಟ್ಟು ನಿಂತಿತು. ಹನ್ನೊಂದು ಮೈಲಿ ನಡೆದುಕೊಂಡು ರಸ್ತೆಗೆ ಬಂದ. ನೂರಾ ತೊಂಬತ್ತನೇ ಮೈಲಿಕಲ್ಲಿನ ಹತ್ತಿರ ಯಾವನೋ ಗುತ್ತಿಗೆದಾರನದೊಂದು ತಗಡಿನ ಶೆಡ್ಡು, ಕಿಟಕಿಯಿಲ್ಲದ್ದು. ಒಳಗೆ ಒಲೆ ಇತ್ತು, ಸೌದೆ ಇತ್ತು, ಬೆಂಕಿಪೊಟ್ಟಣವೂ ಇತ್ತು. ಬಾಗಿಲಿಗೆ ಬೀಗ ಬಿದ್ದಿತ್ತು. ಮೂರನೇ ದಿನ ಅವನು ಸಿಕ್ಕಾಗ ಬಾಗಿಲಿಗೆ ಒರಗಿ ಕೂತ ಹಾಗೇ ಇದ್ದ, ಬೆರಳ ಗೆಣ್ಣುಗಳ ಚರ್ಮವೆಲ್ಲ ಕಿತ್ತು ಹೋಗಿತ್ತು. ಆ ಕೈಯನ್ನು ತೊಳೆದವಳು ಸೆಲೀನಾ.

ಗುತ್ತಿಗೆದಾರ ಶೆಡ್ಡು ಎತ್ತಿಕೊಂಡು ಹೋದ. ಮರುವರ್ಷ ಬೇಸಿಗೆಯಲ್ಲಿ ಅದೇ ಜಾಗದಲ್ಲಿ ಸೆಲೀನಾ ಮತ್ತು ಗಂಡ ಲೆಸ್ಟರ್ ಸ್ಪ್ರೂಸ್ ಮರದ ದಿಮ್ಮಿಗಳನ್ನು ಪೇರಿಸಿ ಒಂದು ಕೋಣೆಯ ಮನೆ ಕಟ್ಟಿದರು. ಬಾಗಿಲಿಗೆ ಮರದ ಅಗಳಿ ಮಾತ್ರ. ಜಾಗ ಸರ್ಕಾರದ್ದು, ಆದರೆ ಆ ಕಾಲದಲ್ಲಿ ಅಲ್ಲಿ ಯಾರು ಯಾರನ್ನು ಕೇಳುತ್ತಿದ್ದರು? ಮನೆಗೆ ಒಂದೇ ಕಟ್ಟಳೆ: ಯಾರು ಬಂದು ಉಳಿದರೂ, ಹೊರಡುವ ಮುಂಚೆ ಮುಂದಿನವರಿಗೆ ಬೆಂಕಿ ಹೊತ್ತಿಸಲು ಒಂದು ಹಿಡಿ ಮರದ ಚಕ್ಕೆ ಹೆರೆದು ಒಲೆಯ ಪಕ್ಕ ಇಟ್ಟು ಹೋಗಬೇಕು. ಹೆಪ್ಪುಗಟ್ಟಿದ ಬೆರಳಿಗೆ ಚಾಕು ಹಿಡಿಯಲಾಗುವುದಿಲ್ಲವಲ್ಲ, ಅದಕ್ಕೆ. ಲೆಸ್ಟರ್ ತೀರಿಕೊಂಡ ಮೇಲೂ ಸೆಲೀನಾ ಪ್ರತಿ ವರ್ಷ ಚಳಿಗೆ ಮುಂಚೆ ಹಳ್ಳಿಯಿಂದ ಬಂದು ಸೌದೆ ತುಂಬಿಸುತ್ತಿದ್ದಳು. ಎಷ್ಟು ಜೀವ ಅಲ್ಲಿ ಬದುಕಿತೋ ಲೆಕ್ಕವಿಟ್ಟವರಿಲ್ಲ. ಎಲ್ರಾಯ್ ಅನ್ನುವ ಟ್ರಕ್ಕಿನವನಂತೂ ಎರಡು ಸಲ ಬದುಕಿಕೊಂಡ.

"ಎರಡು ಸಲ ಬಂದೆ, ಎರಡು ಸಲಾನೂ ಚಕ್ಕೆ ದಪ್ಪ ಹೆರೆದಿಟ್ಟು ಹೋದೆ. ಅದು ಚಕ್ಕೆನೋ, ದೋಣಿಗೆ ಹುಟ್ಟೋ?" ಎಂದು ಸೆಲೀನಾ ಅವನನ್ನು ರೇಗಿಸುವಳು.

"ಅಜ್ಜೀ, ಮುಂದಿನ ಸಲ ಸಾಯೋಕೆ ಬಂದಾಗ ತೆಳ್ಳಗೆ ಹೆರೀತೀನಿ, ಬಿಡು!"

ಹೀಗಿರುವಾಗ ಸರ್ಕಾರಕ್ಕೆ ಅಭಿವೃದ್ಧಿಯ ಹುಚ್ಚು ಹಿಡಿಯಿತು. ರಸ್ತೆ ಪಕ್ಕದ ನೆಲವನ್ನೆಲ್ಲ ತುಂಡು ಮಾಡಿ, ನಂಬರು ಹಾಕಿ, ಕೆಲವನ್ನು ಗುತ್ತಿಗೆಗೆ, ಕೆಲವನ್ನು ಮಾರಾಟಕ್ಕೆ ಇಟ್ಟರು. ಸೆಲೀನಾಳ ಮನೆ ಏಳನೇ ನಂಬರಿನ ತುಂಡಿಗೆ ಬಂತು. ಒಂದು ಅನುಕೂಲವಿತ್ತು: ಅಲ್ಲಿ ಮನೆ ಕಟ್ಟಿ, ಅದನ್ನು ತಮ್ಮೊಬ್ಬರ ಸ್ವಂತಕ್ಕೇ ಇಟ್ಟುಕೊಂಡವರಿಗೆ ಮೊದಲ ಹಕ್ಕು, ಹರಾಜಿಲ್ಲ. ಅವಳ ತಂಗಿಯ ಮಗಳು ಡಾರ್ಲೀನ್ ಹಳ್ಳಿಯ ಕಚೇರಿಯಲ್ಲಿ ಕೆಲಸಕ್ಕಿದ್ದವಳು, ಅರ್ಜಿ ಬರೆದಳು, ಫೋಟೋ ಅಂಟಿಸಿದಳು. ವಿಚಾರಣೆಗೆ ಹೋಗುವಾಗ ದಾರಿಯುದ್ದಕ್ಕೂ ಪಾಠ ಹೇಳಿದಳು.

"ದೊಡ್ಡಮ್ಮ, ಒಂದೇ ಮಾತು. ಮನೆ ಯಾರದು ಅಂತಾರೆ, ನಂದು ಅನ್ನು. ಬೇರೆ ಯಾರ ಸುದ್ದೀನೂ ಎತ್ತಬೇಡ, ಕೈ ಮುಗೀತೀನಿ."

"ಗೊತ್ತಾಯ್ತು ಕಣೇ. ನಾನೇನು ಹಸುಗೂಸಾ?"

ಆದರೆ ಸೆಲೀನಾಳ ಕುಲದವರಿಗೆ, ಅಲ್ಲಿನ ನದಿ ದಂಡೆಯ ಹಳೆಯ ಜನಕ್ಕೆ, 'ನನ್ನದು' ಎನ್ನುವುದು ಸಣ್ಣ ಮಾತಲ್ಲ. ನೆಲವನ್ನು, ಮೀನನ್ನು, ಬೆಂಕಿಯನ್ನು ತನ್ನದೆಂದು ದೊಡ್ಡ ಬಾಯಲ್ಲಿ ಹೇಳಿಕೊಂಡರೆ ಕಾಡು ಕೇಳಿಸಿಕೊಳ್ಳುತ್ತದೆ, ಅದೃಷ್ಟ ಕಿತ್ತುಕೊಳ್ಳುತ್ತದೆ. ಸೆಲೀನಾ ಆರು ವರ್ಷದವಳಿದ್ದಾಗ, ಒಣಹಾಕಿದ ಸಾಲ್ಮನ್ ತೋರಿಸಿ "ಇದೆಲ್ಲ ನಮ್ಮದೇ ಮೀನು!" ಎಂದು ಕುಣಿದಿದ್ದಳು. ತಾಯಿ ಬಾಯಿಗೇ ಒಂದು ಕೊಟ್ಟಳು. ಮರುವರ್ಷ ನದಿಗೆ ಮೀನು ಹತ್ತಲಿಲ್ಲ. ತನ್ನ ಬಾಯಿಂದಲೇ ಹೀಗಾಯಿತೆಂದು ಆ ಮಗು ಚಳಿಗಾಲವಿಡೀ ಅತ್ತಿತ್ತು.

ವಿಚಾರಣೆ ನಡೆದದ್ದು ಶಾಲೆಯ ಊಟದ ಕೋಣೆಯಲ್ಲಿ. ಭೂಮಿ ಕಚೇರಿಯ ಹ್ಯಾಲೊರನ್ ಕೆಟ್ಟವನಲ್ಲ. ಪಾಪ, ಸೆಲೀನಾ ತಂದ ಒಣಮೀನು ಚಪ್ಪರಿಸಿಕೊಂಡೇ ಕಾಗದ ತಿರುವಿ ಹಾಕಿದ.

"ಈ ಮನೆ ನಿಮ್ಮದೇ ಅಲ್ವೇನಮ್ಮ?"

"ನಾನೂ ನನ್ನ ಯಜಮಾನ್ರೂ ಕಟ್ಟಿದ್ವಿ."

"ಸರಿ, ಹಾಗಾದ್ರೆ ನಿಮ್ಮದೇ. ಬೇರೆಯವರು ಬರಬೇಕಾದ್ರೆ ನಿಮ್ಮನ್ನ ಕೇಳ್ತಾರೆ, ಹೌದು ತಾನೇ?"

ಸೆಲೀನಾ ನಕ್ಕುಬಿಟ್ಟಳು. "ಚಳೀಲಿ ಸಾಯ್ತಾ ಇರೋನು ಯಾರನ್ನ ಕೇಳ್ತಾನಪ್ಪ?"

ಡಾರ್ಲೀನ್ ಮೇಜಿನ ಕೆಳಗೆ ಕಾಲು ತುಳಿದಳು. ಹ್ಯಾಲೊರನ್ ಪೆನ್ನು ಕೆಳಗಿಟ್ಟ. "ಅಮ್ಮ, ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ, ಇನ್ನೊಂದು ಸಲ ಕೇಳ್ತೀನಿ. ಮನೆ ಯಾರದು?"

ಸೆಲೀನಾ ಬಾಯಿ ತೆರೆದಳು. ತುಟಿಯ ಮೇಲೆ ಆ ಹಳೆಯ ಏಟು ಚುರುಗುಟ್ಟಿತು. ತನ್ನದೆಂದುಬಿಟ್ಟು, ಆ ಪಾಪಕ್ಕೆ ಮುಂದಿನ ಚಳಿಗಾಲ ಯಾರಾದರೂ ಆ ಬಾಗಿಲು ಮುಟ್ಟದೆ ದಾರಿಯಲ್ಲೇ ಸತ್ತುಹೋದರೆ? "ನಂದಲ್ಲ," ಎಂದಳು. "ಯಾರಿಗೆ ಚಳಿ ಆಗುತ್ತೋ ಅವರದು."

ಅವನು ಅದನ್ನೇ ಬರೆದುಕೊಂಡ. ಬರೆಯದೆ ಏನು ಮಾಡಿಯಾನು? ಡಾರ್ಲೀನ್ ಹೊರಗೆ ಹೋಗಿ ಗೋಡೆಗೆ ಮುಖ ಕೊಟ್ಟು ಅತ್ತಳು.

ಏಳನೇ ತುಂಡು ಹರಾಜಾಗಿ ದಕ್ಷಿಣದಿಂದ ಬಂದ ಪಾಮ್‌ಕ್ವಿಸ್ಟ್ ಎಂಬ ಗಂಡ ಹೆಂಡಿರ ಪಾಲಾಯಿತು. ಚಳಿಗಾಲದ ರಾತ್ರಿ ಅಲ್ಲಿನ ಆಕಾಶದಲ್ಲಿ ಮೂಡುವ ಹಸಿರು ಬೆಳಕು ನೋಡಲು ಬರುವವರಿಗೆ ಸಾಲಾಗಿ ಕೋಣೆ ಕಟ್ಟಿಸಿದರು. ಸೆಲೀನಾಳ ಮನೆಯನ್ನು ಕೆಡವಲಿಲ್ಲ, ಹಳೇ ಕಾಲದ್ದು, ನೋಡಲು ಚೆನ್ನಾಗಿದೆಯೆಂದು ಸಾಮಾನು ತುಂಬಿಟ್ಟು ಹಿತ್ತಾಳೆ ಬೀಗ ಜಡಿದರು. ಅವಳು ಕೇಳಲು ಹೋದಾಗ ಪಾಮ್‌ಕ್ವಿಸ್ಟ್ ಮರ್ಯಾದೆಯಿಂದಲೇ ಮಾತಾಡಿದ.

"ವಿಮೆಯವರು ಬೀಗ ಇರಲೇಬೇಕು ಅಂತಾರೆ ಅಮ್ಮ. ಬೇಕಾದ್ರೆ ನಿಮಗೊಂದು ಬೀಗದ ಕೈ ಕೊಡ್ತೀನಿ, ಯಾವಾಗ ಬೇಕಾದ್ರೂ ಬನ್ನಿ."

"ನಾನು ಇಟ್ಕೊಂಡು ಏನು ಮಾಡ್ಲಿ? ಚಳಿ ಹೊಡೆಯೋದು ನನಗಲ್ಲವಲ್ಲ," ಎಂದಳು. ಆದರೂ ಇಸಿದುಕೊಂಡಳು. ಅವನು ಅತ್ತ ಹೋದ ಮೇಲೆ ಬಾಗಿಲ ಪಕ್ಕದ ದಿಮ್ಮಿಗೆ ಒಂದು ಮೊಳೆ ಹೊಡೆದು, ಬೀಗದ ಕೈಗೆ ಕೆಂಪು ಪಟ್ಟಿ ಕಟ್ಟಿ ನೇತು ಹಾಕಿದಳು. ಊರಿಗೆ ಬರುವಾಗ ದಾರಿಯುದ್ದಕ್ಕೂ ಹಾಡು ಗುನುಗಿದಳಂತೆ.

ಡಿಸೆಂಬರಿನಲ್ಲಿ ಚಳಿ ಮೈನಸ್ ನಲವತ್ತು ಡಿಗ್ರಿಗೆ ಇಳಿಯಿತು. ಒಂದು ಮಧ್ಯಾಹ್ನ, ಮಬ್ಬು ಬೆಳಕಿನಲ್ಲಿ, ಎಲ್ರಾಯ್ ಅವಳನ್ನು ಟ್ರಕ್ಕಿನಲ್ಲಿ ಕರೆತಂದ. ಪಾಮ್‌ಕ್ವಿಸ್ಟ್ ದಂಪತಿ ಕ್ರಿಸ್‌ಮಸ್‌ಗೆಂದು ಪೇಟೆಗೆ ಹೋಗಿದ್ದರು, ಕೋಣೆಗಳೆಲ್ಲ ಮುಚ್ಚಿದ್ದವು. ಸೆಲೀನಾ ಚಕ್ಕೆಯ ಕಟ್ಟು ಬಗಲಲ್ಲಿಟ್ಟುಕೊಂಡು ಬಾಗಿಲ ಬಳಿ ಹೋದಳು. ಬೀಗದ ಕೈ ಇರಲಿಲ್ಲ. ಮೊಳೆಯೂ ಇರಲಿಲ್ಲ. ಅದನ್ನು ಕಿತ್ತ ತೂತಿಗೆ ಯಾರೋ ಅಚ್ಚುಕಟ್ಟಾಗಿ ಮೇಣ ತುಂಬಿದ್ದರು.

ಅವಳು ಬಲಗೈಯ ಗವಸು ಬಿಚ್ಚಿದಳು. ಬರಿಯ ಗೆಣ್ಣಿನಿಂದ ಬಾಗಿಲು ಬಡಿದಳು. ಮತ್ತೆ ಬಡಿದಳು, ಜೋರಾಗಿ.

"ಅಜ್ಜೀ, ಒಳಗೆ ಯಾರೂ ಇಲ್ಲ! ಏನು ಮಾಡ್ತಾ ಇದ್ದೀಯ?" ಎಲ್ರಾಯ್ ಓಡಿ ಬಂದು ಕೈ ಹಿಡಿದ. ಚರ್ಮ ಸುಲಿದಿತ್ತು.

"ವಿಲ್ಸನ್‌ಗೆ ಎಷ್ಟು ನೋವಾಗಿತ್ತು ಅಂತ ನೋಡ್ದೆ ಕಣೋ," ಎಂದಳು. ಆಮೇಲೆ ಅವನ ಎದೆಗೆ ಹಣೆ ಚಚ್ಚಿಕೊಂಡು ಅತ್ತಳು. "ನಂದು ಅಂದಿದ್ರೆ ಆಗ್ತಿತ್ತು. ಒಂದು ಮಾತು. ನನ್ನ ಬಾಯಿಗೆ ಏನಾಗಿತ್ತೋ!"

ಎಲ್ರಾಯ್ ಗವಸು ತೊಡಿಸಿ ಅವಳನ್ನು ಟ್ರಕ್ಕಿಗೆ ಹತ್ತಿಸಿದ. ಬಿದ್ದಿದ್ದ ಚಕ್ಕೆಯ ಕಟ್ಟನ್ನು ತಂದು ಹಿಂದಿನ ಸೀಟಿನಲ್ಲಿಟ್ಟ.

"ಅಲ್ಲೇ ಇಟ್ಟು ಬಾ," ಎಂದಳು ಸೆಲೀನಾ.

"ಹೊರಗಾ? ಒಲೆ ಒಳಗಿದೆಯಲ್ಲ ಅಜ್ಜಿ."

"ಗೊತ್ತು. ಇಟ್ಟು ಬಾ."

ಅವನು ವಾಪಸು ಹೋಗಿ ಬಾಗಿಲ ಮುಂದೆ ಇಟ್ಟು ಬಂದ.