ಮಾವಿನ ಮರದ ಮಣೆ

ತನ್ಮಯಿಗೆ ಕೋಪ ಮೂಗಿನ ತುದಿಯಲ್ಲೇ ಎಂದು ಮಣ್ಣಗುಡ್ಡದ ಆ ಓಣಿಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ ಬಿಡಿ. ಅವಳ ಅಣ್ಣ ಕೃಷ್ಣಕಿಶೋರನ ಜೊತೆ ಒಂದೇ ಸೂರಿನ ಕೆಳಗೆ ನಾಲ್ಕು ದಿನ ಇದ್ದು ಆಮೇಲೆ ಹೇಳಿದರೆ ಚಂದ. ಆ ಮನುಷ್ಯ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ತಂಗಿಯದೊಂದು ತಪ್ಪು ಹುಡುಕಿ ಇಟ್ಟಿರುತ್ತಾನೆ.

ತನ್ಮಯಿ ಒಂದು ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಸಹಾಯಕಿ. ಮದುವೆ ಬೇಡ ಎಂದು ಮೊದಲೇ ಹೇಳಿಬಿಟ್ಟವಳು. ಕೊರೋನಾ ಕಾಲದಲ್ಲಿ ಅವಳ ಅಮ್ಮ ಊರ್ಮಿಳಾ ಆಸ್ಪತ್ರೆಗೆ ಹೋದವರು ಮನೆಗೆ ಬರಲೇ ಇಲ್ಲ. ಸುಟ್ಟವರೂ ಯಾರೋ ಬೇರೆಯವರು. ಆಮೇಲೆ ಸಂಜೆ ಹೊತ್ತು ಮನೆಯೊಳಗೆ ಕೂರಲು ತನ್ಮಯಿಗೆ ಆಗುತ್ತಿರಲಿಲ್ಲ. ಅಂಗಳದ ಮೂಲೆಯ ತಗಡಿನ ಶೆಡ್ಡಿಗೆ ಹೋಗಿ, ಮೊಬೈಲಿನಲ್ಲಿ ನೋಡಿ ನೋಡಿ, ಹಳೆಯ ಕಿಟಕಿಯ ಹಲಗೆ ಕೊಯ್ದು ಒಂದು ಸ್ಟೂಲು ಮಾಡಿದಳು. ಅದು ಕುಡಿದವನ ಹಾಗೆ ವಾಲುತ್ತಿತ್ತು. ಎರಡನೆಯದು ನೆಟ್ಟಗೆ ನಿಂತಿತು. ಅವತ್ತು ಅವಳು ಎಷ್ಟೋ ದಿನಗಳ ನಂತರ ಹೊಟ್ಟೆ ತುಂಬ ಉಂಡಳು.

ಹಾಗೆ ಶುರುವಾದದ್ದು. ಹಳೆಯ ಬಾಗಿಲನ್ನು ಅಡ್ಡ ಮಲಗಿಸಿ ಮೇಜು ಮಾಡಿಕೊಂಡಳು. ಗೋಡೆಗೆ ಮೊಳೆ ಹೊಡೆದು ಉಳಿ, ಗರಗಸ ತೂಗುಹಾಕಿದಳು. ಮರ ಕೊಯ್ಯುವ ಮಿಷನ್ ಬಂತು. ಕಿಟಕಿಯ ಸರಳಿಗೆ ಫೋನು ಕಟ್ಟಿ ಲೈವ್ ಮಾಡಲು ಕಲಿತಳು. ಮರದ ಹುಡಿ ಒಳಗೆ ಹೋಗಬಾರದೆಂದು ಮೈಕಿಗೆ ಕಾಲುಚೀಲ ತೊಡಿಸಿದ್ದಳು. ಮಳೆಗಾಲದಲ್ಲಿ ತಗಡಿನ ಸದ್ದಿಗೆ ಅವಳು ಹೇಳಿದ್ದು ಒಂದಕ್ಷರ ಕೇಳದು, ಆದರೂ ಜನ ನೋಡುತ್ತಿದ್ದರು. ದುಬೈಯಲ್ಲಿ, ಮುಂಬೈಯಲ್ಲಿ ಕೂತ ನಮ್ಮೂರಿನವರೇ ಹೆಚ್ಚು. 'ಅಕ್ಕ, ಆಡ್ಲಿಕ್ಕೆ ಒಂದು ಚೆನ್ನೆಮಣೆ ಮಾಡಿ ತೋರಿಸಿ' ಎಂದು ಬರೆಯುತ್ತಿದ್ದರು.

ಮನೆಯವರಿಗೆ ಮಾತ್ರ ಅದು ಕಣ್ಣಿಗೆ ಕಸ. ಅಪ್ಪ ವಿಷ್ಣುಮೂರ್ತಿ ಭಟ್ಟರು ಕದ್ರಿ ಕಡೆಯ ಒಂದು ಚಿಕ್ಕ ದೇವಸ್ಥಾನದಲ್ಲಿ ಪೂಜೆ ಮಾಡಿ ಈಗ ಮನೆಯ ಕಾರುಬಾರು ಮಗನಿಗೆ ಬಿಟ್ಟುಕೊಟ್ಟು ಕೂತವರು. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಜಗಲಿಯಲ್ಲಿ ಶೆಡ್ಡಿಗೆ ಬೆನ್ನು ಹಾಕಿ ಕೂತು ಕಾಫಿ ಕುಡಿಯುತ್ತಿದ್ದರು. ಅತ್ತಿಗೆ ಶ್ರಾವಣಿ 'ಅದನ್ನೆಲ್ಲ ಯಾರು ನೋಡ್ತಾರೆ' ಎನ್ನುತ್ತಾ ಪ್ರತಿಯೊಂದು ಲೈವನ್ನೂ ಕದ್ದು ನೋಡುತ್ತಿದ್ದಳು.

ಅಷ್ಟರಲ್ಲಿ ಅಣ್ಣ ಹೊಸ ಕಾರು ಬುಕ್ ಮಾಡಿದ.

"ಶೆಡ್ ಖಾಲಿ ಮಾಡು. ಕಾರು ಬಿಸಿಲಿಗೆ ಇಡ್ಲಿಕ್ಕೆ ಆಗುದಿಲ್ಲ" ಎಂದ.

"ನನ್ನನ್ನು ಇಡ್ಲಿಕ್ಕೆ ಆಗ್ತದಾ?"

"ನಮ್ಮ ಮನೆಯಲ್ಲಿ ಯಾರಾದ್ರೂ ಗರಗಸ ಹಿಡಿದದ್ದುಂಟಾ? ಅದೂ ಊರಿಗೆಲ್ಲ ತೋರಿಸ್ಕೊಂಡು! ನನ್ನ ಆಫೀಸಿನವರು ನೋಡಿ ನಗಾಡ್ತಾರೆ."

"ಅವರು ನಗಾಡುದು ನಿನ್ನನ್ನು ನೋಡಿ. ನನ್ನನ್ನು ನೋಡಿ ಕಲೀತಾರೆ."

ಅಪ್ಪ ಜಗಲಿಯಿಂದ ತಿರುಗದೆಯೇ ಹೇಳಿದರು: "ನನ್ನ ಶಾಂತಿ ಮುಗೀಲಿ. ಶೆಡ್ ಯಾರಿಗೆ ಅಂತ ಆಮೇಲೆ ಹೇಳ್ತೇನೆ. ಅಷ್ಟರವರೆಗೆ ಇಬ್ಬರೂ ಬಾಯಿ ಮುಚ್ಚಿ."

ಎಪ್ಪತ್ತು ತುಂಬಿದವರಿಗೆ ಮಾಡುವ ಭೀಮರಥ ಶಾಂತಿ ಅದು. ಹೆಂಡತಿ ಇಲ್ಲದ ಮೇಲೆ ಎಂತ ಶಾಂತಿ ಎಂದು ಭಟ್ಟರು ಬೇಡವೆಂದಿದ್ದರು. ಮಗನಿಗೆ ಆಫೀಸಿನವರನ್ನು ಕರೆದು ಊಟ ಹಾಕಿಸಬೇಕಿತ್ತು. ಹಾಗಾಗಿ ಶಾಂತಿ ನಿಶ್ಚಯವಾಯಿತು.

ತನ್ಮಯಿಗೆ ಆ ಶೆಡ್ ಹೋದರೆ ಉಸಿರಾಡಲು ಜಾಗವಿಲ್ಲ. ಅಪ್ಪನನ್ನು ಮಾತಿನಿಂದ ಗೆಲ್ಲುವುದು ಅವಳಿಂದಾಗುವ ಕೆಲಸವಲ್ಲ. ಕೈಯಿಂದ ಗೆಲ್ಲುವ ಎಂದುಕೊಂಡಳು. ಶಾಂತಿಯ ದಿನ ಅಪ್ಪ ಕೂರಲಿಕ್ಕೆ ಒಂದು ಮಣೆ, ಅವಳೇ ಮಾಡಿದ್ದು. ಶೆಡ್ಡಿನ ಹಿಂದೆ ಇಟ್ಟಿಗೆಯ ಮೇಲೆ ಪೇರಿಸಿ ಟಾರ್ಪಾಲು ಹೊದೆಸಿದ ಮಾವಿನ ಹಲಗೆಗಳಿದ್ದವು. ಅಮ್ಮ ತಿಂದ ಹಣ್ಣಿನ ಗೊರಟು ನೆಟ್ಟು ಬೆಳೆಸಿದ ಮರ. ಅಮ್ಮ ಹೋದ ಮರುವರ್ಷದ ಗಾಳಿಗೆ ಬಿತ್ತು. ಅಪ್ಪ ಅದನ್ನು ಕೊಯ್ಯಿಸಿ, ಒಂದು ತುಂಡನ್ನೂ ಯಾರಿಗೂ ಕೊಡದೆ ಇಟ್ಟಿದ್ದರು. ಅಮ್ಮನ ನೆನಪಿಗೆ ಇಟ್ಟದ್ದು ಎಂದು ತನ್ಮಯಿ ತಿಳಿದಳು. ಕೇಳಬೇಕಿತ್ತು, ಕೇಳಲಿಲ್ಲ. ಅಪ್ಪ ಮಗಳ ನಡುವೆ ಕೇಳುವ ಹೇಳುವ ಅಭ್ಯಾಸವೇ ಸತ್ತುಹೋಗಿತ್ತು.

ಲೈವ್ ಹಾಕಿಯೇ ಕೆಲಸ ಶುರು ಮಾಡಿದಳು. "ಇದು ನನ್ನ ಅಪ್ಪನಿಗೆ" ಎಂದಳು, ಅವಳ ದನಿ ಅಷ್ಟು ಮೆತ್ತಗಾದದ್ದನ್ನು ಯಾರೂ ಕೇಳಿರಲಿಕ್ಕಿಲ್ಲ. ದುಬೈಯ ನಾಝಿಮಾ ಎಂಬವಳು 'ಭಾರೀ ಚಂದ ಉಂಟು ಅಕ್ಕ' ಎಂದು ಬರೆದಳು. ಹಿಂದೆಯೇ ಇನ್ಯಾರೋ ಬರೆದರು: 'ಅದು ಮಾವಿನ ಮರವಾ? ಭಟ್ರು ಕೂರ್ಲಿಕ್ಕಾ?' ಮರ ಉಜ್ಜುತ್ತಿದ್ದವಳು ಅದನ್ನು ನೋಡಲಿಲ್ಲ. ಮಹಡಿಯಲ್ಲಿದ್ದ ಅತ್ತಿಗೆ ನೋಡಿದಳು. ಫೋನು ಹಿಡಿದುಕೊಂಡು ಒಂದೇ ಓಟಕ್ಕೆ ಇಳಿದು ಮಾವನಿಗೆ ತೋರಿಸಿದಳು. ಪುಣ್ಯಾತ್ಗಿತ್ತಿ, ಇಂಥ ಕೆಲಸಕ್ಕೆ ಅವಳ ಮೊಣಕಾಲು ನೋಯುವುದಿಲ್ಲ.

ಭಟ್ಟರು ಮೊದಲ ಬಾರಿಗೆ ಶೆಡ್ಡಿನೊಳಗೆ ಕಾಲಿಟ್ಟರು.

"ಎಲ್ಲಿಂದ ತೆಗೆದದ್ದು ಇದು?"

"ಹಿಂದಿನಿಂದ. ಅಮ್ಮನ ಮರ. ನಿಮಗೇ ಅಪ್ಪ, ಶಾಂತಿಯ ದಿನ ಕೂರ್ಲಿಕ್ಕೆ."

"ಮಣೆಗೆ ಹಲಸು. ಮಾವಿನಲ್ಲಿ ಮನುಷ್ಯರು ಕೂರುದಿಲ್ಲ, ಮಲಗುದು!" ಭಟ್ಟರು ಮಣೆಯಿಂದ ಎರಡು ಹೆಜ್ಜೆ ಹಿಂದೆ ಸರಿದರು. "ಅದು ನನ್ನ ಚಿತೆಗೆ ಇಟ್ಟದ್ದು. ನಿನ್ನ ಅಮ್ಮನಿಗೆ ಒಂದು ತುಂಡು ಕಟ್ಟಿಗೆ ಹಾಕ್ಲಿಕ್ಕೆ ನನ್ನಿಂದ ಆಗ್ಲಿಲ್ಲ. ಅವಳ ಮರದಲ್ಲಿ ನಾನಾದ್ರೂ ಹೋಗುವ ಅಂತ ಇಟ್ಟಿದ್ದೆ. ನೀನು ಅದನ್ನು ಕೊಯ್ದು ಊರಿಗೆ ತೋರಿಸ್ತಿದ್ದಿ!"

ಅವಳಿಗೆ ಗೊತ್ತಿರಬೇಕಿತ್ತು ಎನ್ನುವವರಿದ್ದಾರೆ. ಹೇಗೆ ಗೊತ್ತಿರುತ್ತದೆ ಸ್ವಾಮಿ? ಹೆಂಗಸರನ್ನು ಸ್ಮಶಾನದ ಗೇಟಿನ ಹತ್ತಿರವೂ ಬಿಡದವರು ನೀವೇ. ಚಿತೆಗೆ ಯಾವ ಮರ ಎಂದು ಅವಳಿಗೆ ಯಾವನು ಹೇಳಿಕೊಟ್ಟಿದ್ದ?

ಆ ಹೊತ್ತಿಗೆ ಅವಳು ಅಪ್ಪನ ಕಾಲು ಹಿಡಿಯುತ್ತಿದ್ದಳೋ ಏನೋ. ಬಾಗಿಲಲ್ಲಿ ನಿಂತ ಅಣ್ಣ ಬೆಂಕಿಗೆ ತುಪ್ಪ ಸುರಿದ: "ಬದುಕಿರುವಾಗಲೇ ಅಪ್ಪನನ್ನು ಚಿತೆಗೆ ಏರಿಸಿದಿಯಲ್ಲಾ ಮಾರಾಯ್ತಿ!"

ತನ್ಮಯಿಗೆ ನೆತ್ತಿಗೇರಿತು. ತಿರುಗಿದ್ದು ಮಾತ್ರ ಅಪ್ಪನ ಮೇಲೆ. "ಯಾಕೆ ಇಟ್ಟದ್ದು ಅಂತ ಒಂದು ದಿನ ಬಾಯಿ ಬಿಟ್ಟು ಹೇಳಿದ್ದೀರಾ? ಅಮ್ಮ ಹೋದ ಮೇಲೆ ಅವಳ ಹೆಸರು ಎತ್ತಿದ್ದೀರಾ? ಅವಳು ನಿಮಗೆ ಮಾತ್ರ ಸತ್ತದ್ದಾ?"

ಭಟ್ಟರು ನೇರ ಬಾವಿಕಟ್ಟೆಗೆ ಹೋಗಿ, ಹೆಣ ಸುಟ್ಟು ಬಂದವರ ಹಾಗೆ ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಸುರಿದುಕೊಂಡರು. ಲೈವ್ ಓಡುತ್ತಲೇ ಇತ್ತು. ಊರಿಡೀ ಕೇಳಿತು.

ಕಾರು ಬಂದ ದಿನ ಅತ್ತಿಗೆ ಅಂಗಳದಲ್ಲಿ ಅಡ್ಡ ನಿಂತಳು. "ಚಿತೆಯ ಮರ ಕೊಯ್ದ ಜಾಗದಲ್ಲಿ ಹೊಸ ಕಾರು ಇಡುದಾ? ನನಗೆ ಮಕ್ಕಳಿದ್ದಾರೆ. ಬೇಡವೇ ಬೇಡ!" ಎಂದಳು. ಗಂಡ ಹೂಂಗುಟ್ಟಿದ. ಕಾರು ಬಿಸಿಲಲ್ಲೇ ನಿಂತಿತು. ಶೆಡ್ ಯಾರಿಗೆ ಎಂದು ಭಟ್ಟರು ಹೇಳುವ ಅಗತ್ಯವೇ ಬೀಳಲಿಲ್ಲ. ಮನೆಯವರು ಯಾರೂ ಅದರ ಹೊಸ್ತಿಲು ತುಳಿಯಲಿಲ್ಲ. ತನ್ಮಯಿಗೆ ಬೇಕಾದದ್ದು ಸಿಕ್ಕಿತು.

ಶಾಂತಿಯ ದಿನ ಅವಳನ್ನು ಯಾರೂ ಕರೆಯಲಿಲ್ಲ. ಬರಬೇಡ ಎಂದೂ ಹೇಳಲಿಲ್ಲ, ಅದು ಇನ್ನೂ ಕೆಟ್ಟದು. ಶೆಡ್ಡಿನ ಬಾಗಿಲಿಂದ ಕಾಣುತ್ತಿತ್ತು: ಅಪ್ಪ ಜಗಲಿಯಲ್ಲಿ ಅಂಗಡಿಯಿಂದ ತಂದ ಹಲಸಿನ ಮಣೆಯ ಮೇಲೆ ಕೂತಿದ್ದರು. ಸಂಕಲ್ಪ ಶುರುವಾಯಿತು. ತನ್ಮಯಿ ಮಿಷನ್ ಹಾಕಿದಳು. ಬೇಕೆಂದೇ ಹಾಕಿದಳು, ಹೊಟ್ಟೆಯ ಉರಿಗೆ ಹಾಕಿದಳು.

ಪಟ್ಟೆ ಮಡಿ ಎತ್ತಿ ಹಿಡಿದು ಅಣ್ಣ ಓಡಿ ಬಂದ. ಹೊಸ್ತಿಲ ಹತ್ತಿರ ಗಕ್ಕನೆ ನಿಂತ.

"ನಿಲ್ಲಿಸು! ಮಂತ್ರ ಕೇಳುದಿಲ್ಲ ಅಲ್ಲಿ!"

"ಸ್ವಿಚ್ ಇಲ್ಲೇ ಉಂಟು. ಒಳಗೆ ಬಂದು ನಿಲ್ಲಿಸು."

ಅವನು ಒಂದು ಕಾಲು ಎತ್ತಿದ, ಹಿಂದಕ್ಕೆ ಇಟ್ಟ. ಅವಳು ಅವನನ್ನು ನೋಡುತ್ತಲೇ ಇರಲಿಲ್ಲ. ಅವನ ಹೆಗಲಾಚೆ ಜಗಲಿಯನ್ನು ನೋಡುತ್ತಿದ್ದಳು. ಮೇಜಿನ ಮೇಲೆ ಹಲಗೆ ಇರಲಿಲ್ಲ, ಮಿಷನ್ ಬರಿದೇ ತಿರುಗುತ್ತಿತ್ತು. ಬೈಯಲಿಕ್ಕಾದರೂ ಅಪ್ಪ ಎದ್ದು ಬರಲಿ ಎಂದು ಅವಳು ಅದನ್ನು ಹಾಗೇ ಬಿಟ್ಟಳು.

ಅಪ್ಪ ತಲೆ ಎತ್ತಲಿಲ್ಲ.